ನುಡಿ ಕಡತದಿಂದ ಹುಡುಕುವ ಪಟ್ಟಿಯವರೆಗೆ: ವಾಚನಾಲಯಕ್ಕೆಂದು ಬರೆದ ಪೈಥಾನ್ ತುಣುಕುಗಳು

ನಮ್ಮ ಊರಿನ ವಾಚನಾಲಯದ ಪುಸ್ತಕ ಪಟ್ಟಿ ಮೂರು ಕಡೆ ಹಂಚಿಹೋಗಿತ್ತು. ಹಳೆಯ ಭಾಗವೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪಾದ ವರ್ಡ್ ಕಡತಗಳಲ್ಲಿತ್ತು. ಆಮೇಲೆ ಬಂದ ಪುಸ್ತಕಗಳನ್ನು ಸ್ವಯಂಸೇವಕರು ಮೊಬೈಲಿನಲ್ಲೇ ಟೈಪ್ ಮಾಡಿ ಎಕ್ಸೆಲ್ ಹಾಳೆಗೆ ಸೇರಿಸಿದ್ದರು. ದಾನವಾಗಿ ಬಂದ ಇನ್ನೊಂದಿಷ್ಟು ಪುಸ್ತಕಗಳಿಗೆ ಪಟ್ಟಿಯೇ ಇರಲಿಲ್ಲ. ಮುಖಪುಟಗಳ ಫೋಟೋ ತೆಗೆದು, ಪುಸ್ತಕದ ಹೆಸರನ್ನೇ ಕಡತದ ಹೆಸರಾಗಿ ಇಟ್ಟು, ಒಂದು ಮ್ಯಾಕ್‌ನಿಂದ ಜಿಪ್ ಮಾಡಿ ಕಳುಹಿಸಿದ್ದರು. ಇವೆಲ್ಲವನ್ನೂ ಒಂದೇ ಪಟ್ಟಿಯಾಗಿಸಿ, ಇಂಟರ್ನೆಟ್ ಇಲ್ಲದ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಹೆಸರು ಕೊಟ್ಟರೆ ಕಪಾಟಿನ ಸಂಖ್ಯೆ ತೋರಿಸುವಂತೆ ಮಾಡಬೇಕಿತ್ತು. ಪೈಥಾನ್ ಮತ್ತು ಎಸ್‌ಕ್ಯೂಲೈಟ್ (ಒಂದೇ ಕಡತದಲ್ಲಿ ಮಾಹಿತಿ ಕೂಡಿಡುವ ಡೇಟಾಬೇಸ್) ಎರಡೇ ಸಾಕು ಎಂದು ನಿರ್ಧರಿಸಿದೆ, ಸಾಕಾದವು ಕೂಡ. ಆದರೆ ಈ ಸಲಕರಣೆಗಳಲ್ಲಿ ತಾನಾಗಿಯೇ ಸಿಗುವ ನಡವಳಿಕೆ ಕನ್ನಡಕ್ಕೆ ಹಲವು ಕಡೆ ಒಗ್ಗುವುದಿಲ್ಲ. ಎಲ್ಲೆಲ್ಲಿ ಒಗ್ಗುವುದಿಲ್ಲ, ಅಲ್ಲಿ ಯಾವ ಸಾಲು ಹಾಕಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ತುಣುಕುಗಳನ್ನು ಕನ್ನಡ ಹೆಸರುಗಳಲ್ಲೇ ಕೊಟ್ಟಿದ್ದೇನೆ. ಪೈಥಾನ್ 3 ಇದನ್ನು ಒಪ್ಪುತ್ತದೆ. ಹೆಸರಿನ ನಡುವೆ ಖಾಲಿ ಜಾಗವಾಗಲಿ, ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳಾಗಲಿ ಇರಬಾರದು, ಅಷ್ಟೇ. ಯೂನಿಕೋಡ್ ಸಂಖ್ಯೆಗಳನ್ನು, ಅಂದರೆ ಪ್ರತಿ ಚಿಹ್ನೆಗೂ ಗೊತ್ತುಪಡಿಸಿದ ಸಂಖ್ಯೆಗಳನ್ನು, ದಶಮಾನ ಪದ್ಧತಿಯಲ್ಲಿ ಬರೆದಿದ್ದೇನೆ. ಕನ್ನಡಕ್ಕೆ ಮೀಸಲಾದ ಸ್ಥಾನಗಳು 3200ರಿಂದ 3327ರವರೆಗೆ, ಒಟ್ಟು 128.

ಮೊದಲು ಏನಿದೆ ಎಂದು ನೋಡುವುದು

ಯಾವ ಪಠ್ಯವನ್ನು ಶುದ್ಧಗೊಳಿಸಲು ಹೊರಟರೂ ನಾನು ಬರೆಯುವ ಮೊದಲ ಸ್ಕ್ರಿಪ್ಟ್ ಒಂದೇ: ಇಡೀ ಕಡತವನ್ನು ಓದಿ, ಅದರಲ್ಲಿರುವ ಪ್ರತಿಯೊಂದು ಚಿಹ್ನೆ ಎಷ್ಟು ಸಲ ಬಂದಿದೆ ಎಂದು ಎಣಿಸಿ, ಅದರ ಸಂಖ್ಯೆ ಮತ್ತು ಯೂನಿಕೋಡ್ ಹೆಸರಿನೊಂದಿಗೆ ಮುದ್ರಿಸುವುದು. ಕಲೆಕ್ಷನ್ಸ್ ಮಾಡ್ಯೂಲ್‌ನ ಕೌಂಟರ್, ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನೇಮ್, ಇವೆರಡರಿಂದ ನಾಲ್ಕೈದು ಸಾಲಿನಲ್ಲಿ ಮುಗಿಯುತ್ತದೆ. ಪಟ್ಟಿಯನ್ನು ಕಡಿಮೆ ಬಂದದ್ದು ಮೊದಲು ಎಂಬ ಕ್ರಮದಲ್ಲಿ ಜೋಡಿಸಬೇಕು. ‘ಅ’ ಎಷ್ಟು ಸಲ ಬಂದಿದೆ ಎಂಬುದರಿಂದ ಏನೂ ತಿಳಿಯುವುದಿಲ್ಲ. ಎರಡು ಮೂರು ಸಲ ಮಾತ್ರ ಬಂದ ಚಿಹ್ನೆಯ ಹಿಂದೆ ಏನಾದರೊಂದು ಕಥೆ ಇದ್ದೇ ಇರುತ್ತದೆ.

ಎಕ್ಸೆಲ್ ಹಾಳೆಯ ಸಿಎಸ್‌ವಿ ಕಡತದಲ್ಲಿ ಒಂದೇ ಸಲ ಬಂದ ಚಿಹ್ನೆ 65279, ಅಂದರೆ ಕಡತದ ತಲೆಯಲ್ಲಿ ಕೂರುವ ‘ಬಾಮ್’ ಎಂಬ ಕಾಣದ ಗುರುತು. ಇದು ಇದ್ದರೆ ಮೊದಲ ಕಾಲಂನ ಶೀರ್ಷಿಕೆ ಕಣ್ಣಿಗೆ ‘ಹೆಸರು’ ಎಂದೇ ಕಂಡರೂ ಪ್ರೋಗ್ರಾಂಗೆ ಅದು ಬೇರೆ ಪದ. ಕಡತ ತೆರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8ರ (ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಬದಲು ಅದರ ‘ಸಿಗ್’ ರೂಪವನ್ನು ಕೊಟ್ಟರೆ ಬಾಮ್ ತಾನಾಗಿ ಕಳಚಿಕೊಳ್ಳುತ್ತದೆ. ಬರೆಯುವಾಗಲೂ ಅದೇ ರೂಪ ಬಳಸಿದರೆ ಎಕ್ಸೆಲ್ ಕನ್ನಡವನ್ನು ಸರಿಯಾಗಿ ತೆರೆಯುತ್ತದೆ.

ನುಡಿಯಿಂದ ಯೂನಿಕೋಡ್‌ಗೆ

ಹೆಚ್ಚು ಕೆಲಸ ಹಿಡಿದದ್ದು, ಹೆಚ್ಚು ಖುಷಿ ಕೊಟ್ಟದ್ದು ಈ ಭಾಗ. ಹಳೆಯ ಫಾಂಟ್ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳ ಚೂರುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ‘ಕನ್ನಡ’ ಎಂಬ ಪದ ಕಡತದೊಳಗೆ ಏಳು ಚಿಹ್ನೆ: ‘ಪಿ’ ಇರುವಲ್ಲಿ ಕ, ಮೇಲೆ ಓರೆಗೆರೆಯಿರುವ ‘ಎ’ ಜಾಗದಲ್ಲಿ ತಲೆಕಟ್ಟು, ಬ್ರಿಟಿಷ್ ಪೌಂಡ್ ಚಿಹ್ನೆಯ ಜಾಗದಲ್ಲಿ ನ, ಮತ್ತೆ ತಲೆಕಟ್ಟು, ಜರ್ಮನ್ನರ ಜೋಡಿ ಎಸ್ ಇರುವಲ್ಲಿ ನ ಒತ್ತು, ‘ಕ್ಯೂ’ ಜಾಗದಲ್ಲಿ ಡ, ಕೊನೆಗೆ ಇನ್ನೊಂದು ತಲೆಕಟ್ಟು. ಯೂನಿಕೋಡ್‌ನಲ್ಲಿ ಅದೇ ಪದ ಐದು ಸಂಕೇತ. ಕಾಗದದ ಮೇಲೆ ಎಡದಿಂದ ಬಲಕ್ಕೆ ಏನು ಕಾಣುತ್ತದೋ ಅದೇ ಕ್ರಮ ಹಳೆಯ ಪದ್ಧತಿಯದು. ಯೂನಿಕೋಡ್‌ನದು ಉಚ್ಚಾರದ ಕ್ರಮ. ಪರಿವರ್ತನೆಯ ಕಷ್ಟವೆಲ್ಲ ಇರುವುದು ಈ ಎರಡು ಕ್ರಮಗಳ ನಡುವೆ. ಚಿಹ್ನೆಯಿಂದ ಚಿಹ್ನೆಗೆ ಹೊಂದಿಸುವ ಕೋಷ್ಟಕ ಬರೀ ತಾಳ್ಮೆಯ ಕೆಲಸ.

ಕೋಷ್ಟಕದಲ್ಲಿ ಒತ್ತಕ್ಷರವನ್ನು ‘ವಿರಾಮ ಮತ್ತು ವ್ಯಂಜನ’ ಎಂದು ಬದಲಾಯಿಸುತ್ತೇನೆ. ವಿರಾಮ ಎಂದರೆ ವ್ಯಂಜನದ ಸ್ವರವನ್ನು ತೆಗೆಯುವ ‘್’ ಗುರುತು. ಆಗ ‘ಕ್ಕು’ ಎಂಬುದು ಕ, ಉಕಾರ, ವಿರಾಮ, ಕ ಎಂಬ ತಪ್ಪು ಕ್ರಮದಲ್ಲಿ ಸಿಗುತ್ತದೆ. ಏಕೆಂದರೆ ಹಳೆಯ ಕಡತದಲ್ಲಿ ಕೊಂಬು ಮೊದಲು, ಒತ್ತು ಆಮೇಲೆ. ಇವನ್ನು ಅದಲುಬದಲು ಮಾಡುವ ಮಾದರಿ (ರೆಗೆಕ್ಸ್, ಅಂದರೆ ಪಠ್ಯದಲ್ಲಿ ಏನನ್ನು ಹುಡುಕಬೇಕು ಎಂದು ಹೇಳುವ ಸೂತ್ರ) ಇದು:

ಒತ್ತು_ಹಿಂದೆ = '([ಾ-ೌೕೖ]+)((?:್[ಕ-ಹ])+)'
ಸರಿ_ಕ್ರಮ = '\\2\\1'

ಕೊನೆಯ ಪ್ಲಸ್ ಚಿಹ್ನೆ ಮುಖ್ಯ. ‘ಸ್ತ್ರೀ’ಯಂತಹ ಕಡೆ ಎರಡು ಒತ್ತುಗಳು ಒಟ್ಟಿಗೆ ಬರುತ್ತವೆ, ಎರಡೂ ಒಂದೇ ಗುಂಪಾಗಿ ಹಿಂದಕ್ಕೆ ಹೋಗಬೇಕು.

ದೀರ್ಘದ ವಿಷಯದಲ್ಲಿ ಯೂನಿಕೋಡ್ ಒಂದು ಉಪಕಾರ ಮಾಡಿದೆ. ‘ಕ್ಷೇತ್ರ’ ಎಂದು ಹಳೆಯ ಫಾಂಟ್‌ನಲ್ಲಿ ಬರೆದಾಗ ಎತ್ವ, ಷ ಒತ್ತು, ಆಮೇಲೆ ದೀರ್ಘದ ಗುರುತು, ಹೀಗೆ ಎತ್ವಕ್ಕೂ ದೀರ್ಘಕ್ಕೂ ನಡುವೆ ಒತ್ತು ಸಿಕ್ಕಿಕೊಂಡಿರುತ್ತದೆ. ದೀರ್ಘದ ಗುರುತಿಗೆ ಯೂನಿಕೋಡ್‌ನಲ್ಲಿ 3285 ಎಂಬ ಸ್ವಂತ ಸಂಖ್ಯೆ ಇದೆ. ಕೋಷ್ಟಕದಲ್ಲಿ ಅದನ್ನೇ ಇಟ್ಟು, ಮೇಲಿನ ಅದಲುಬದಲು ಮುಗಿಸಿ, ಆಮೇಲೆ ಯೂನಿಕೋಡ್‌ಡೇಟಾದ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಬಿಡಿ ಗುರುತುಗಳನ್ನು ಕೂಡಿಸಿದ) ರೂಪ ಬೇಕೆಂದು ಕೇಳಿದರೆ 3270 ಮತ್ತು 3285 ಸೇರಿ ಏತ್ವ 3271 ಆಗುತ್ತದೆ. 3270, 3266, 3285 ಮೂರೂ ಸೇರಿ ಓತ್ವ 3275 ಆಗುತ್ತದೆ. ೀ, ೇ, ೈ, ೊ, ೋ ಈ ಐದು ಗುರುತುಗಳಿಗೆ ನಾನು ಒಂದೂ ನಿಯಮ ಬರೆಯಬೇಕಾಗಲಿಲ್ಲ. ಕ್ರಮ ಮಾತ್ರ ತಪ್ಪಬಾರದು: ಮೊದಲು ಒತ್ತು, ಆಮೇಲೆ ಎನ್‌ಎಫ್‌ಸಿ.

ಅರ್ಕಾವೊತ್ತು ಕೊನೆಗೆ. ‘ಮಾರ್ಗ’ ಪದದಲ್ಲಿ ಅದು ಗ ಆದ ಮೇಲೆ ಬರುತ್ತದೆ, ಉಚ್ಚಾರದಲ್ಲಿ ಗ ಗಿಂತ ಮುಂಚೆ. ಕೋಷ್ಟಕದಲ್ಲಿ ಅದಕ್ಕೆ ಪಠ್ಯದಲ್ಲಿ ಎಲ್ಲಿಯೂ ಬಾರದ ಒಂದು ಚಿಹ್ನೆ ಇಟ್ಟೆ. ಇಲ್ಲಿ ಓದಲು ಅನುಕೂಲವಾಗಲೆಂದು ಅದನ್ನು # ಎಂದು ತೋರಿಸಿದ್ದೇನೆ.

ಅರ್ಕ = '((?:[ಕ-ಹ]್)*[ಕ-ಹ][ಾ-ೌ]?)#'
ಅರ್ಕ_ಸರಿ = 'ರ್\\1'

ಇಡೀ ಅಕ್ಷರವನ್ನು, ಅಂದರೆ ಒತ್ತು ಮತ್ತು ಸ್ವರದ ಸಮೇತ, ಹಿಡಿದು ಅದರ ಮುಂದೆ ‘ರ್’ ತಂದಿಡುವುದೇ ಈ ಸಾಲಿನ ಕೆಲಸ.

ಎಡಿಟರ್‌ನಲ್ಲಿ ಇಂತಹ ಮಾದರಿಗಳು ನೋಡಲು ವಿಚಿತ್ರವಾಗಿರುತ್ತವೆ. ಒಂಟಿ ಸ್ವರಚಿಹ್ನೆಗಳು ಚುಕ್ಕಿ ವೃತ್ತದ ಮೇಲೆ ಕೂರುತ್ತವೆ, ಇಲ್ಲವೇ ಪಕ್ಕದ ಆವರಣಕ್ಕೆ ಅಂಟಿಕೊಳ್ಳುತ್ತವೆ. ಕೋಡ್ ಸರಿಯಾಗಿಯೇ ಓಡುತ್ತದೆ. ತಂಡದಲ್ಲಿ ಬೇರೆಯವರೂ ತಿದ್ದುವ ಕೋಡ್ ಆದರೆ ಚಿಹ್ನೆಯ ಬದಲು ಸಂಖ್ಯೆಯಿಂದ ಕಟ್ಟುವುದು ಒಳ್ಳೆಯದು.

ವರ್ಡ್ ಕಡತಗಳಲ್ಲಿ ಇಂಗ್ಲಿಷ್ ಶೀರ್ಷಿಕೆಗಳೂ ನಡುನಡುವೆ ಇದ್ದವು. ಪಠ್ಯವನ್ನು ಬರಿದಾಗಿ ತೆಗೆದು ಪರಿವರ್ತಿಸಿದರೆ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಡಾಕ್ಸ್ ಕಡತದಲ್ಲಿ ಪ್ರತಿಯೊಂದು ತುಂಡಿನ ಜೊತೆಗೂ ಫಾಂಟ್‌ನ ಹೆಸರು ಉಳಿದಿರುತ್ತದೆ. ಪೈಥಾನ್-ಡಾಕ್ಸ್ ಲೈಬ್ರರಿಯಿಂದ ಅದನ್ನು ಓದಿ, ನುಡಿ ಫಾಂಟ್ ಇರುವ ತುಂಡುಗಳನ್ನಷ್ಟೇ ಪರಿವರ್ತನೆಗೆ ಕಳುಹಿಸಿದೆ. ಫಾಂಟ್‌ನ ಹೆಸರು ಖಾಲಿ ಬಂದರೆ ಅದು ಪ್ಯಾರಾದ ಶೈಲಿಯಿಂದ ಬಂದಿದೆ ಎಂದರ್ಥ, ಆಗ ಶೈಲಿಯನ್ನು ನೋಡಬೇಕು. ಪರಿವರ್ತನೆಯ ನಂತರ 128ರಿಂದ 255ರವರೆಗಿನ ಯಾವುದೇ ಚಿಹ್ನೆ ಉಳಿದಿದ್ದರೆ ಆ ಸಾಲನ್ನು ವರದಿಗೆ ಬರೆಯುವ ಒಂದು ತಪಾಸಣೆಯನ್ನೂ ಸೇರಿಸಿದೆ. ಕೋಷ್ಟಕದಲ್ಲಿ ಬಿಟ್ಟುಹೋದ ಚೂರುಗಳು ಒಂದೊಂದಾಗಿ ಅಲ್ಲಿಯೇ ಸಿಕ್ಕವು.

ಸೊನ್ನೆ ಮತ್ತು ಅನುಸ್ವಾರ

ಮೊಬೈಲಿನಿಂದ ಬಂದ ಹಾಳೆಯಲ್ಲಿ ‘ಬೆ೦ಗಳೂರು’ ಎಂದು ಹುಡುಕಿದರೆ ಕೆಲವು ಸಾಲು, ‘ಬೆಂಗಳೂರು’ ಎಂದು ಹುಡುಕಿದರೆ ಬೇರೆ ಕೆಲವು ಸಾಲು. ಮೊದಲನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡ ಅಂಕಿ ಸೊನ್ನೆ. ಅನುಸ್ವಾರ 3202, ಸೊನ್ನೆ 3302. ಸರಿಯಾಗಿ ನೂರು ಅಂತರ ಇರುವುದರಿಂದ ನೆನಪಿಡುವುದು ಸುಲಭ. ಕನ್ನಡ ಪಠ್ಯಗಳಲ್ಲಿ ಇಷ್ಟು ವ್ಯಾಪಕವಾಗಿ ಕಾಣುವ ಬೆರಕೆ ಇನ್ನೊಂದಿಲ್ಲ ಎಂದೇ ನನ್ನ ಅನುಭವ.

ಎಲ್ಲ ಸೊನ್ನೆಗಳನ್ನೂ ಅನುಸ್ವಾರ ಮಾಡಿದರೆ ‘೨೦೧೦’ ಹಾಳಾಗುತ್ತದೆ. ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನು ಮಾತ್ರ ತಿದ್ದಿದರೆ ‘ಸಂಪುಟ೦೧’ ಎಂದು ಜಾಗ ಬಿಡದೆ ಬರೆದದ್ದು ಕೆಡುತ್ತದೆ. ಆದ್ದರಿಂದ ಹಿಂದೆ ಅಕ್ಷರ ಇರಬೇಕು, ಮುಂದೆ ಅಂಕಿ ಇರಬಾರದು:

ಸುಳ್ಳು_ಸೊನ್ನೆ = '(?<=[ಅ-ೌ])೦(?![೦-೯])'

ಇದರ ತಿರುಗುಮುರುಗೂ ಇದೆ, ವರ್ಷದ ಕಾಲಂನಲ್ಲಿ ಸೊನ್ನೆಯ ಜಾಗದಲ್ಲಿ ಅನುಸ್ವಾರ. ಎರಡು ಸಾವಿರವನ್ನು ಹಾಗೆ ಬರೆದರೆ ಎರಡರ ನಂತರ ಮೂರು ಅನುಸ್ವಾರಗಳು ಸಾಲಾಗಿ ನಿಲ್ಲುತ್ತವೆ. ಒಂದೊಂದನ್ನೇ ಹಿಡಿಯುವ ಮಾದರಿ ಮೊದಲನೆಯದನ್ನು ತಿದ್ದಿ ಸುಮ್ಮನಾಗುತ್ತದೆ, ಏಕೆಂದರೆ ಎರಡನೆಯದರ ಹಿಂದೆ ಮೂಲ ಪಠ್ಯದಲ್ಲಿ ಅಂಕಿ ಇಲ್ಲ. ಹಾಗಾಗಿ ಪೂರ್ತಿ ಸಾಲನ್ನು ಒಟ್ಟಿಗೆ ಹಿಡಿದು, ಅಷ್ಟೇ ಉದ್ದದ ಸೊನ್ನೆಗಳನ್ನು ಹಾಕಬೇಕು:

ಸುಳ್ಳು_ಅನುಸ್ವಾರ = '(?<=[೦-೯])ಂ+'

ವರ್ಷಗಳನ್ನು ಇಂಗ್ಲಿಷ್ ಅಂಕಿಗೆ ಬದಲಾಯಿಸಲು ಕೋಷ್ಟಕವೇ ಬೇಡ. ಪೈಥಾನ್‌ನ ಇಂಟ್‌ಗೆ ‘೧೯೭೪’ ಕೊಟ್ಟರೆ 1974 ಎಂಬ ಸಂಖ್ಯೆಯನ್ನೇ ಕೊಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಈ ಸೌಲಭ್ಯವಿಲ್ಲ, ಅಲ್ಲಿ ಅಂಕಿಯ ಸಂಕೇತದಿಂದ 3302 ಕಳೆದು ಬೆಲೆ ಪಡೆಯಬೇಕು.

ವಿಸರ್ಗದ ಜಾಗದಲ್ಲಿ ಕೋಲನ್ ಒತ್ತಿದ ‘ದು:ಖ’, ‘ಅಂತ:ಕರಣ’ಗಳೂ ಸಿಕ್ಕವು. ಇವನ್ನು ಯಂತ್ರದಿಂದ ತಿದ್ದಲಿಲ್ಲ. ‘ಲೇಖಕ:’ ಎಂದು ಬರೆದು ಜಾಗ ಬಿಡದೆ ಹೆಸರು ಸೇರಿಸಿದ ಸಾಲುಗಳೂ ಅದೇ ಆಕಾರದಲ್ಲಿ ಇದ್ದವು, ಅವೆರಡನ್ನೂ ಬೇರ್ಪಡಿಸಬಲ್ಲ ಮಾದರಿ ಇಲ್ಲ. ಪಟ್ಟಿ ಮಾಡಿ ವಾಚನಾಲಯದ ಸ್ವಯಂಸೇವಕರ ಕೈಗೆ ಕೊಟ್ಟೆ. ಮನುಷ್ಯ ಒಂದು ನೋಟದಲ್ಲಿ ತೀರ್ಮಾನಿಸುವುದನ್ನು ಸ್ಕ್ರಿಪ್ಟ್‌ನಿಂದ ಮಾಡಿಸಲು ಹೋಗಿ ಪಠ್ಯ ಕೆಡಿಸುವುದು ನನಗೆ ಒಪ್ಪಿಗೆಯಿಲ್ಲ.

ಕಾಣದ ಜೋಡಕಗಳು, ಮ್ಯಾಕ್‌ನ ಹೆಸರುಗಳು

8204 (ಅಕ್ಷರಗಳು ಕೂಡದಂತೆ ತಡೆಯುವುದು) ಮತ್ತು 8205 (ಕೂಡುವ ರೂಪವನ್ನು ಬದಲಿಸುವುದು) ಎಂಬ ಎರಡು ಕಾಣದ ಚಿಹ್ನೆಗಳನ್ನು ಕಂಡ ಕೂಡಲೇ ಅಳಿಸುವ ಸ್ಕ್ರಿಪ್ಟ್‌ಗಳನ್ನು ಬಹಳ ನೋಡಿದ್ದೇನೆ. ಕನ್ನಡದಲ್ಲಿ ಹಾಗೆ ಮಾಡುವಂತಿಲ್ಲ. 8204 ಅಳಿಸಿದರೆ ‘ಕಂಪ್ಯೂಟರ್‌ಗಳು’ ಎಂಬುದು ಅರ್ಕಾವೊತ್ತಿನ ‘ಕಂಪ್ಯೂಟರ್ಗಳು’ ಆಗುತ್ತದೆ. 8205 ಅಳಿಸಿದರೆ ‘ರ‍್ಯಾಂಕ್’ ಪದದಲ್ಲಿ ರ ಕೆಳಗಿನ ಯ ಒತ್ತು ಕಳೆದು ಅರ್ಕಾವೊತ್ತು ಬರುತ್ತದೆ. ಆದರೆ ಹುಡುಕುವವರು ಇವನ್ನು ಒತ್ತಿರುತ್ತಾರೆ ಎಂದು ನಂಬುವಂತೆಯೂ ಇಲ್ಲ.

ಇಲ್ಲಿಂದ ಇಡೀ ಕೆಲಸದ ವಿನ್ಯಾಸ ಗಟ್ಟಿಯಾಯಿತು. ಪ್ರತಿ ಪುಸ್ತಕದ ಹೆಸರಿಗೂ ಡೇಟಾಬೇಸ್ ಕೋಷ್ಟಕದಲ್ಲಿ ಮೂರು ಕಾಲಂ: ತೋರಿಸಲು ಒಂದು, ಹುಡುಕಲು ಒಂದು, ಅಕಾರಾದಿಯಾಗಿ ಜೋಡಿಸಲು ಒಂದು. ಮೊದಲನೆಯದರಲ್ಲಿ ಜೋಡಕಗಳೆಲ್ಲ ಉಳಿಯುತ್ತವೆ. ಉಳಿದೆರಡನ್ನು ಎಷ್ಟು ಬೇಕಾದರೂ ತಿರುಚಬಹುದು, ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ಕನ್ನಡದಲ್ಲಿ ಮಾಹಿತಿ ಕೂಡಿಡುವ ಯಾರಿಗೇ ಆದರೂ ನಾನು ಮೊದಲು ಹೇಳುವ ಮಾತು ಇದು. ಒಂದೇ ಕಾಲಂನಿಂದ ಮೂರೂ ಕೆಲಸ ತೆಗೆಯಲು ಹೋದರೆ ಮೂರೂ ಅರೆಬರೆ ಆಗುತ್ತವೆ.

ಮ್ಯಾಕ್‌ನಿಂದ ಬಂದ ಕಡತಗಳ ಹೆಸರುಗಳಲ್ಲಿ ‘ಕೋಟೆ’ ಎಂಬುದರ ಓತ್ವ ಮೂರು ತುಂಡಾಗಿತ್ತು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತದೆ. ಇದಕ್ಕೂ ಎನ್‌ಎಫ್‌ಸಿಯೇ ಮದ್ದು, ಒಂದೇ ಸಾಲು. ಕಡತದ ಹೆಸರಿನ ಇನ್ನೊಂದು ಮಿತಿಯೂ ಇಲ್ಲಿ ಅಡ್ಡ ಬಂತು. ಲಿನಕ್ಸ್‌ನ ಎಕ್ಸ್ಟ್4ರಲ್ಲಿ ಒಂದು ಹೆಸರಿಗೆ 255 ಬೈಟ್‌ಗಳಷ್ಟೇ ಜಾಗ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕಾದ್ದರಿಂದ 85 ಸಂಕೇತಕ್ಕೆ ಜಾಗ ಮುಗಿಯುತ್ತದೆ. ಉಪಶೀರ್ಷಿಕೆ ಸೇರಿದರೆ ಅದು ಬೇಗ ತುಂಬುತ್ತದೆ. ಚಿತ್ರಗಳಿಗೆ ಪುಸ್ತಕದ ದಾಖಲೆ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟೆ.

‘ಸೇವೆ’ ಕೇಳಿದರೆ ‘ಸಾವು’

ಎಸ್‌ಕ್ಯೂಲೈಟ್‌ನ ಎಫ್‌ಟಿಎಸ್5 ಪಠ್ಯ ಹುಡುಕಾಟಕ್ಕೆ ಬಹಳ ಒಳ್ಳೆಯ ಸಲಕರಣೆ. ಆದರೆ ಅದರ ಮಾಮೂಲಿ ಪದವಿಭಜಕ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಎಂದು ನೋಡುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಸ್ವರಚಿಹ್ನೆಗಳು, ವಿರಾಮ, ಅನುಸ್ವಾರ ಎಲ್ಲವೂ ‘ಗುರುತು’ ಎಂಬ ಬೇರೆ ವರ್ಗ, ಆದ್ದರಿಂದ ಅವು ಖಾಲಿ ಜಾಗದ ಹಾಗೆ ಪದವನ್ನು ಒಡೆಯುತ್ತವೆ. ‘ಸೇವೆ’ ಎಂಬುದು ‘ಸ’, ‘ವ’ ಎಂಬ ಎರಡು ಪದಗಳಾಗುತ್ತದೆ. ‘ಸಾವು’ ಕೂಡ ಅವೇ ಎರಡು ಪದಗಳು. ಸಮಾಜ ಸೇವೆಯ ಪುಸ್ತಕ ಕೇಳಿದವರ ಮುಂದೆ ಸಾವಿನ ಪುಸ್ತಕ ಬರುತ್ತದೆ. ‘ಕೋಟಿ’ ಕೇಳಿದರೆ ‘ಕೀಟ’, ‘ಕಾವ್ಯ’ ಕೇಳಿದರೆ ‘ಕಿವಿಯ’. ಕೇಳಿದ್ದೂ ಫಲಿತಾಂಶದಲ್ಲಿ ಇರುವುದರಿಂದ ಮೇಲ್ನೋಟಕ್ಕೆ ಎಲ್ಲ ಸರಿಯಾಗಿದೆ ಎಂದೇ ತೋರುತ್ತದೆ, ಅದೇ ಇದರ ಅಪಾಯ.

ಕೋಷ್ಟಕ ಸೃಷ್ಟಿಸುವಾಗ ಪದವಿಭಜಕದ ‘ಕೆಟಗರೀಸ್’ ಎಂಬ ಆಯ್ಕೆಗೆ ಎಮ್‌ಎನ್ ಮತ್ತು ಎಮ್‌ಸಿ ವರ್ಗಗಳನ್ನೂ ಸೇರಿಸಿದರೆ ಗುರುತುಗಳು ಪದದೊಳಗೇ ಉಳಿಯುತ್ತವೆ. ಮೊದಲೇ ಇರುವ ಎಲ್ (ಅಕ್ಷರ), ಎನ್ (ಅಂಕಿ), ಸಿಒ (ಖಾಸಗಿ ಬಳಕೆ) ವರ್ಗಗಳನ್ನು ಬಿಡದೆ ಬರೆಯಬೇಕು.

ಪೈಥಾನ್‌ನ ‘ಆರ್‌ಇ’ ಮಾಡ್ಯೂಲ್‌ನಲ್ಲೂ ಇದೇ ತೊಡಕು. ಹಿಂಬದಿ ಓರೆಗೆರೆ ಮತ್ತು ಡಬ್ಲ್ಯೂ ಕೊಟ್ಟು ‘ಕನ್ನಡ’ದಲ್ಲಿ ಪದ ಹುಡುಕಿದರೆ ‘ಕನ’, ‘ನಡ’ ಎಂಬ ಎರಡು ಪದ ಸಿಗುತ್ತವೆ. ನಾನು ಅದನ್ನು ಬಿಟ್ಟು ಸ್ವಂತ ವ್ಯಾಪ್ತಿಯನ್ನೇ ಬಳಸುತ್ತೇನೆ:

ಪದ = '[ಂ-೯]+'

ಅನುಸ್ವಾರದಿಂದ ಕನ್ನಡ ಒಂಬತ್ತರವರೆಗೆ, ಅಂದರೆ 3202ರಿಂದ 3311. ನಮಗೆ ಬೇಕಾದ ಅಕ್ಷರ, ಗುರುತು, ಅಂಕಿಗಳೆಲ್ಲ ಇದರೊಳಗೆ ಬಂದವು.

ವಿಭಕ್ತಿ ಪ್ರತ್ಯಯಗಳಿಗಾಗಿ ಪೂರ್ವಭಾಗದ ಹುಡುಕಾಟ ಬೇಕೇ ಬೇಕು. ‘ಊರು’ ಎಂದು ಕೇಳಿದರೆ ‘ಊರಿನ’, ‘ಊರಿಗೆ’ ಎಂಬ ಶೀರ್ಷಿಕೆಗಳೂ ಬರಬೇಕು. ಕೊನೆಯ ಉಕಾರವನ್ನು ತೆಗೆದು ನಕ್ಷತ್ರ ಚಿಹ್ನೆ ಸೇರಿಸಿದರೆ ಸಾಕು. ‘ಊರ್ಮಿಳೆ’ಯೂ ಬರುತ್ತಾಳೆ, ಬರಲಿ, ಹೆಚ್ಚಿಗೆ ಬಂದದ್ದನ್ನು ಓದುಗರು ದಾಟಿ ಹೋಗುತ್ತಾರೆ. ಬಾರದೇ ಹೋದರೆ ಪುಸ್ತಕ ಇಲ್ಲವೆಂದು ಹಿಂದಿರುಗುತ್ತಾರೆ.

ಅಲ್ಪಪ್ರಾಣ ಮಹಾಪ್ರಾಣಗಳ ಬೆರಕೆಗೆ ಇನ್ನೊಂದು ಸಡಿಲ ಕೀಲಿ ಮಾಡಿದೆ. ನೇರ ಹುಡುಕಾಟದಲ್ಲಿ ಏನೂ ಸಿಗದಿದ್ದರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ.

ಇಂದ = 'ಖಘಛಝಠಢಥಧಫಭಷ'
ಗೆ = 'ಕಗಚಜಟಡತದಪಬಶ'

ಈ ಎರಡನ್ನು ಮೇಕ್‌ಟ್ರಾನ್ಸ್‌ಗೆ ಕೊಟ್ಟು ಟ್ರಾನ್ಸ್‌ಲೇಟ್ ಮಾಡಿದರೆ ‘ದಾರವಾಡ’ ಎಂದು ಒತ್ತಿದವರಿಗೂ ‘ಧಾರವಾಡ’ ಸಿಗುತ್ತದೆ.

ಳ ಕಾರಕ್ಕೆ ಅದರ ಜಾಗ

ಕನ್ನಡ ಸಂಕೇತಗಳ ಕ್ರಮ ಬಹುತೇಕ ವರ್ಣಮಾಲೆಯ ಕ್ರಮವೇ. ಎಡವುವುದು ಒಂದು ಕಡೆ. ಯೂನಿಕೋಡ್‌ನಲ್ಲಿ ಳ 3251, ಲ ಆದ ಕೂಡಲೇ ಬಂದು ವ ಗಿಂತ ಮುಂದೆ ನಿಲ್ಲುತ್ತದೆ. ನಾವು ಕಲಿತದ್ದು ‘ಯ ರ ಲ ವ ಶ ಷ ಸ ಹ ಳ’. ಹಾಗೇ ಜೋಡಿಸಿದರೆ ‘ಅಳಿಲು’ ಎಂಬುದು ‘ಅವಲಕ್ಕಿ’, ‘ಅಸೂಯೆ’, ‘ಅಹವಾಲು’ ಇವುಗಳಿಗಿಂತ ಮೊದಲು ಬರುತ್ತದೆ. ನಿಘಂಟು ನೋಡಿ ಬೆಳೆದ ಓದುಗರು ಪಟ್ಟಿಯ ಕೊನೆಯಲ್ಲಿ ಹುಡುಕಿ, ಸಿಗದೆ ಬೇಸರಪಡುತ್ತಾರೆ. ಹ 3257. ಅದರ ನಂತರ 3258, 3259 ಎರಡೂ ಖಾಲಿ ಬಿದ್ದಿವೆ. ಜೋಡಣೆಯ ಕಾಲಂನಲ್ಲಿ ಳ ಕಾರವನ್ನು ಅಲ್ಲಿಗೆ ಕಳುಹಿಸಿದೆ, ಹಳಗನ್ನಡದ ೞ ಕಾರವನ್ನೂ ಅದರ ಪಕ್ಕಕ್ಕೆ:

ಜೋಡಣೆ = {3251: 3258, 3294: 3259, 8204: '', 8205: ''}

ಎಸ್‌ಕ್ಯೂಲೈಟ್ ಯುಟಿಎಫ್-8 ಬೈಟ್‌ಗಳನ್ನು ಹೋಲಿಸಿ ಜೋಡಿಸುತ್ತದೆ, ಯುಟಿಎಫ್-8ರ ಬೈಟ್ ಕ್ರಮ ಮತ್ತು ಸಂಕೇತ ಸಂಖ್ಯೆಗಳ ಕ್ರಮ ಒಂದೇ. ಬೇರೆ ಲೈಬ್ರರಿ ಬೇಕಾಗಲಿಲ್ಲ.

ಬೆನ್ನಿನ ಚೀಟಿ

ಪುಸ್ತಕದ ಬೆನ್ನಿಗೆ ಅಂಟಿಸುವ ಚೀಟಿಯಲ್ಲಿ ಹೆಸರಿನ ಮೊದಲ ಕೆಲವು ಅಕ್ಷರಗಳಿಗಷ್ಟೇ ಜಾಗ. ಪೈಥಾನ್‌ನಲ್ಲಿ ಹತ್ತು ಸಂಕೇತಗಳಿಗೆ ಕತ್ತರಿಸಿದರೆ ಒತ್ತಕ್ಷರದ ಮಧ್ಯೆ ಕತ್ತರಿ ಬಿದ್ದು ‘ಸ್ತ್’ ಎಂದು ನಿಲ್ಲಬಹುದು. ‘ಸ್ತ್ರೀ’ ನಮಗೆ ಒಂದು ಅಕ್ಷರ, ಪೈಥಾನ್‌ಗೆ ಆರು ಸಂಕೇತ, ಡಿಸ್ಕ್‌ನಲ್ಲಿ ಹದಿನೆಂಟು ಬೈಟ್. ಶಾಲೆಯಲ್ಲಿ ಎಣಿಸುವ ಹಾಗೆ ಅಕ್ಷರ ಎಣಿಸುವ ಮಾದರಿ:

ಅಕ್ಷರ = '(?:[ಕ-ಹ]್)*[ಕ-ಹ](?:[ಾ-ೌ]|್)?[ಂಃ]?|[ಅ-ಔ][ಂಃ]?|.'

ಜೋಡಕಗಳನ್ನು ತೆಗೆದ ಪ್ರತಿಯ ಮೇಲೆ ಇದನ್ನು ಓಡಿಸಬೇಡಿ, ‘ರ್‌ಗ’ ಎಂಬ ಎರಡು ಅಕ್ಷರ ಕೂಡಿ ಒಂದಾಗಿಬಿಡುತ್ತದೆ. ತೋರಿಸುವ ಕಾಲಂನ ಮೇಲೆಯೇ ಓಡಿಸಿ, ಜೋಡಕವನ್ನು ಎಣಿಕೆಗೆ ಸೇರಿಸದೆ ಹಿಂದಿನ ಅಕ್ಷರಕ್ಕೆ ಅಂಟಿಸಿಕೊಳ್ಳಿ. ‘ರ‍್ಯಾಂಕ್’ ತರಹದ ಪದದಲ್ಲಿ ಜೋಡಕ ವಿರಾಮಕ್ಕಿಂತ ಮೊದಲೇ ಬರುವುದರಿಂದ, ಅಲ್ಲಿ ರ ಮತ್ತು ವಿರಾಮದ ನಡುವೆ ಅದಕ್ಕೂ ಅವಕಾಶ ಕೊಡಬೇಕು.

ಪರೀಕ್ಷೆ

ಮೂಲ ಕಡತಗಳನ್ನು ಸ್ಕ್ರಿಪ್ಟ್ ಓದುತ್ತದೆ, ಮುಟ್ಟುವುದಿಲ್ಲ. ಹೊಸದನ್ನು ಬೇರೆ ಫೋಲ್ಡರ್‌ಗೆ ಬರೆಯುತ್ತದೆ. ಹಳೆಯ ಸಾಲು, ಹೊಸ ಸಾಲು ಎರಡೂ ಬೇರೆಯಾಗಿದ್ದರೆ ಅಕ್ಕಪಕ್ಕ ಇಟ್ಟು ವರದಿ ಮಾಡುತ್ತದೆ. ಎಲ್ಲ ಸಾಲುಗಳ ಮೇಲೂ ಓಡುವ ಒಂದು ತಪಾಸಣೆಯನ್ನು ಅಸರ್ಟ್ ಜೊತೆ ಇಟ್ಟಿದ್ದೇನೆ:

ಶುದ್ಧ(ಶುದ್ಧ(ಸಾಲು)) == ಶುದ್ಧ(ಸಾಲು)

ಶುದ್ಧಗೊಳಿಸಿದ್ದನ್ನು ಮತ್ತೆ ಶುದ್ಧಗೊಳಿಸಿದರೆ ಏನೂ ಬದಲಾಗಬಾರದು. ಬದಲಾದರೆ ಎರಡು ನಿಯಮಗಳು ಒಂದನ್ನೊಂದು ಎಳೆದಾಡುತ್ತಿವೆ ಎಂದರ್ಥ. ಸ್ವಯಂಸೇವಕರು ಪ್ರತಿ ವಾರ ಹೊಸ ಹಾಳೆ ಕಳುಹಿಸುತ್ತಾರೆ, ಅದೇ ಸಾಲುಗಳು ಮತ್ತೆ ಮತ್ತೆ ಈ ಸ್ಕ್ರಿಪ್ಟ್‌ನ ಮೂಲಕ ಹಾದುಹೋಗುತ್ತವೆ. ಆದ್ದರಿಂದ ಈ ಗುಣ ಇಲ್ಲದೆ ನಡೆಯುವುದಿಲ್ಲ.

ಈಗ ಲ್ಯಾಪ್‌ಟಾಪ್‌ನಲ್ಲಿ ಹುಡುಕಾಟ ನಡೆಯುತ್ತಿದೆ. ಕೋಲನ್ ಪಟ್ಟಿಯ ತಿದ್ದುಪಡಿಗಳು ಕೈಬರಹದಲ್ಲಿ ಬರುತ್ತಿವೆ, ಅವನ್ನು ದಾಖಲೆ ಸಂಖ್ಯೆಯ ಜೊತೆ ಒಂದು ಪ್ರತ್ಯೇಕ ಕಡತದಲ್ಲಿ ಇಟ್ಟು ಎಲ್ಲ ನಿಯಮಗಳೂ ಮುಗಿದ ಮೇಲೆ ಅನ್ವಯಿಸುತ್ತೇನೆ. ಬಾಕಿ ಇರುವುದು ಲೇಖಕರ ಹೆಸರಿನ ಕಾಲಂ. ಅಲ್ಲಿ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ, ಚುಕ್ಕಿ ಕೆಲವೊಮ್ಮೆ ಇದೆ, ಕೆಲವೊಮ್ಮೆ ಇಲ್ಲ. ಚುಕ್ಕಿ ಮತ್ತು ಖಾಲಿ ಜಾಗಗಳಿರುವಲ್ಲಿ ಹೆಸರನ್ನು ಒಡೆದು, ಒಂದೇ ಅಕ್ಷರದ ತುಂಡುಗಳನ್ನು ಮೇಲಿನ ಅಕ್ಷರ ಮಾದರಿಯಿಂದಲೇ ಗುರುತಿಸಿ, ಹೆಸರಿನ ಹಿಂದಕ್ಕೆ ಹಾಕುವ ಕೀಲಿಯನ್ನು ಬರೆಯಲು ಶುರು ಮಾಡಿದ್ದೇನೆ.